ಆಗುಂಬೆಯೂ ಶಿವಮೊಗ್ಗವೂ ಒಂದೇ ಬಣ್ಣ: ಐಪಿಸಿಸಿ ಇಂಟರ್‌ಆಕ್ಟಿವ್ ಅಟ್ಲಾಸ್ ಬಳಸಿ ನೋಡಿದಾಗ

ವಿಶ್ವಸಂಸ್ಥೆಯ ಹವಾಮಾನ ಬದಲಾವಣೆ ಸಮಿತಿಯಾದ ಐಪಿಸಿಸಿ ತನ್ನ ಆರನೇ ವರದಿಯ ಮೊದಲ ಭಾಗದೊಂದಿಗೆ 2021ರ ಆಗಸ್ಟ್‌ನಲ್ಲಿ ಹೊರತಂದ ಇಂಟರ್‌ಆಕ್ಟಿವ್ ಅಟ್ಲಾಸ್ ಉಚಿತ ಜಾಲತಾಣ. ಉಷ್ಣಾಂಶ, ಮಳೆ ಇತ್ಯಾದಿಗಳಲ್ಲಿ ಒಂದನ್ನು ಆರಿಸಿ, ಜಗತ್ತು 1.5, 2, 3 ಅಥವಾ 4 ಡಿಗ್ರಿ ಬಿಸಿಯಾದರೆ ನಕ್ಷೆಯ ಬಣ್ಣ ಹೇಗೆ ಬದಲಾಗುತ್ತದೆಂದು ನೋಡಬಹುದು. ಶಿವಮೊಗ್ಗದ ಭೂಗೋಳದ ಮೇಷ್ಟ್ರುಗಳಿಗೂ ತೀರ್ಥಹಳ್ಳಿಯ ಅಡಿಕೆ ಬೆಳೆಗಾರರಿಗೂ ಇದರಿಂದ ಎಷ್ಟು ಪ್ರಯೋಜನ ಎಂಬುದಷ್ಟೇ ಇಲ್ಲಿ ನನ್ನ ಪ್ರಶ್ನೆ.

ಮೇಷ್ಟ್ರುಗಳಿಗಂತೂ ಇದು ಬಹಳ ಒಳ್ಳೆಯ ಸಾಧನ. ಹೋಲಿಕೆಯ ಅವಧಿಯನ್ನು 1850–1900ರಿಂದ 1995–2014ಕ್ಕೆ ಬದಲಾಯಿಸಿದ ಕೂಡಲೇ ನಕ್ಷೆಯ ಗಾಢ ಕೆಂಪು ತಿಳಿಯಾಗುತ್ತದೆ, ಏಕೆಂದರೆ ಆ ಎರಡು ಅವಧಿಗಳ ನಡುವೆಯೇ ಭೂಮಿಯ ಸರಾಸರಿ ಉಷ್ಣಾಂಶ ಸುಮಾರು 0.85 ಡಿಗ್ರಿ ಏರಿದೆ. ಯಾವುದಕ್ಕೆ ಹೋಲಿಸಿ ಹೇಳಿದ ಅಂಕಿ ಎಂದು ಕೇಳುವ ಅಭ್ಯಾಸ ಮಕ್ಕಳಿಗೆ ಇದರಿಂದ ತಾನಾಗಿಯೇ ಬರುತ್ತದೆ. ಓರೆ ಗೆರೆ ಎಳೆದ ಜಾಗಗಳನ್ನೂ ತೋರಿಸಬೇಕು. ಏರುತ್ತದೋ ಇಳಿಯುತ್ತದೋ ಎಂಬುದರಲ್ಲಿ ಶೇ 80ರಷ್ಟು ಮಾದರಿಗಳಾದರೂ (ಹವಾಮಾನವನ್ನು ಲೆಕ್ಕಹಾಕುವ ಕಂಪ್ಯೂಟರ್ ಮಾದರಿಗಳು) ಒಮ್ಮತಕ್ಕೆ ಬಾರದ ಕಡೆ ಆ ಗೆರೆಗಳಿರುತ್ತವೆ.

ತೊಡಕು ಇರುವುದು ಮಳೆಯ ನಕ್ಷೆಯಲ್ಲಿ. ಜಾಗತಿಕ ಮಾದರಿಗಳು ನಕ್ಷೆಯನ್ನು ಚೌಕಗಳಾಗಿ ಹಂಚಿ ಚೌಕಕ್ಕೊಂದೇ ಬಣ್ಣ ಕೊಡುತ್ತವೆ; ಒಂದು ಚೌಕ ಅಕ್ಷಾಂಶ–ರೇಖಾಂಶದ ಒಂದು ಡಿಗ್ರಿಯಷ್ಟು, ಅಂದರೆ ಬದಿಗೆ ಸುಮಾರು 110 ಕಿ.ಮೀ. ಆಗುಂಬೆಗೂ ಶಿವಮೊಗ್ಗಕ್ಕೂ ನೇರ ದೂರ ಹೆಚ್ಚೆಂದರೆ 70 ಕಿ.ಮೀ. ವರ್ಷಕ್ಕೆ 7,000 ಮಿ.ಮೀ. ಆಸುಪಾಸು ಮಳೆ ಸುರಿಯುವ ಘಟ್ಟದ ನೆತ್ತಿಯೂ, 1,000 ಮಿ.ಮೀ. ಮುಟ್ಟಲು ಕಷ್ಟಪಡುವ ಊರೂ ಒಂದೇ ಬಣ್ಣದಲ್ಲಿ ಮುಳುಗುತ್ತವೆ. ಬದಲಾವಣೆಯನ್ನು ಶೇಕಡಾವಾರು ತೋರಿಸುವುದು ಇನ್ನೊಂದು ಗೊಂದಲ: ಶೇ 10 ಹೆಚ್ಚಳ ಎಂದಿಟ್ಟುಕೊಂಡರೆ ಆಗುಂಬೆಗೆ ಅದು 700 ಮಿ.ಮೀ., ಶಿವಮೊಗ್ಗಕ್ಕೆ 100ಕ್ಕೂ ಕಡಿಮೆ.

ಬೆಳೆಗಾರರು ಕೇಳುವುದು ಬೇರೆಯದೇ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ (ಮೈಲುತುತ್ತ–ಸುಣ್ಣದ ಮಿಶ್ರಣ) ಹೊಡೆಯಲು ಆಷಾಢದ ನಡುವೆ ಎರಡು ದಿನ ಹೊಳವು, ಅಂದರೆ ಮಳೆಯ ಬಿಡುವು, ಸಿಗುತ್ತದೆಯೇ? ಅಟ್ಲಾಸಿನ ಸತತ ಒಣ ದಿನಗಳ ಸೂಚ್ಯಂಕವನ್ನು ಆಸೆಯಿಂದ ತೆರೆದರೆ, ಅದು ವರ್ಷದ ಅತಿ ದೀರ್ಘ ಒಣ ಅವಧಿಯನ್ನು ಎಣಿಸುತ್ತದೆ. ನಮ್ಮಲ್ಲಿ ಅದು ಹೇಗೂ ಚಳಿಗಾಲ–ಬೇಸಿಗೆಯಲ್ಲೇ ಬೀಳುತ್ತದೆ. ಒಂದೇ ದಿನದ ಗರಿಷ್ಠ ಮಳೆಯ ಸೂಚ್ಯಂಕ ಪರವಾಗಿಲ್ಲ, ಧರೆ ಕುಸಿತದ ಚರ್ಚೆಗೆ ಅದು ಒದಗುತ್ತದೆ. ಆದರೆ ಅಲ್ಲಿಯೂ ಚೌಕದ ಮಿತಿ ತಪ್ಪಿದ್ದಲ್ಲ.

ಆದ್ದರಿಂದ ಉಷ್ಣಾಂಶಕ್ಕೆ ಈ ಅಟ್ಲಾಸನ್ನು ಧೈರ್ಯವಾಗಿ ಬಳಸಿ. ಮಳೆಯ ವಿಷಯದಲ್ಲಿ ಭಾರತೀಯ ಹವಾಮಾನ ಇಲಾಖೆಯ 0.25 ಡಿಗ್ರಿ ಚೌಕಗಳ ದತ್ತಾಂಶವನ್ನು ಪಕ್ಕದಲ್ಲಿಟ್ಟುಕೊಳ್ಳಿ. ಅದು 1901ರಿಂದ ಇದೆ, ಘಟ್ಟದ ಅಂಚಿನ ಏರಿಳಿತ ಅದರಲ್ಲಿ ಎಷ್ಟೋ ಸ್ಪಷ್ಟ. ಅದರಲ್ಲಿ ಮುಂದಿನ ಕಾಲದ ಚಿತ್ರ ಮಾತ್ರ ಸಿಗದು. ಅಟ್ಲಾಸನ್ನು ಮೊಬೈಲಿನ ಪುಟ್ಟ ಪರದೆಯಲ್ಲಿ ತೆರೆಯುವ ಗೋಜಿಗೆ ಹೋಗಬೇಡಿ, ಶಾಲೆಯ ಕಂಪ್ಯೂಟರೇ ಆಗಬೇಕು.