ಎಐ ಡಬ್ಬಿ, ಫೋನು, ಹಳೇ ರೆಕಾರ್ಡರ್: ಒಂದೂವರೆ ವರ್ಷ ಬಳಸಿದ ಮೇಲೆ

ಅಮೆರಿಕದ ಸ್ಯಾನ್ ಹೋಸೆಯ ವಿಯೆಟ್ನಾಮೀ ಅಂಗಡಿಯೊಂದರಲ್ಲಿ ಅಮ್ಮ ಸೊಪ್ಪಿನ ಕಟ್ಟು ಎತ್ತಿ ಮೂಸಿ ನೋಡಿದಳು. ದುಂಡನೆಯ ಎಲೆ, ಉದ್ದ ತೊಟ್ಟು. "ಇದು ಒಂದೆಲಗ ಕಣೇ!" ಕೌಂಟರಿನಲ್ಲಿದ್ದ ಅಜ್ಜಿಗೆ ಇಂಗ್ಲಿಷ್ ಅಷ್ಟಾಗಿ ಬರುತ್ತಿರಲಿಲ್ಲ. ನಾನು ಬ್ಯಾಗಿನಿಂದ ಎಐ ಡಬ್ಬಿ ತೆಗೆದು ಅಮ್ಮನ ಕೈಗಿತ್ತೆ. ಬಟನ್ ಒತ್ತಿ ಮಾತಾಡಿದರೆ ಉತ್ತರ ಕೊಡುವ, ಭಾಷಾಂತರವನ್ನೂ ಮಾಡುವ ಪುಟ್ಟ ಸಾಧನ ಅದು. ಅಮ್ಮ ಬಟನ್ ಒತ್ತಿ ಹಿಡಿದು ಕೇಳಿದಳು: "ಇದನ್ನ ನೀವು ಹೇಗೆ ತಿಂತೀರಿ?" ನಾಲ್ಕೈದು ಸೆಕೆಂಡು ಬಿಟ್ಟು ಡಬ್ಬಿ ವಿಯೆಟ್ನಾಮೀ ಭಾಷೆಯಲ್ಲಿ ಮಾತಾಡಿತು. ಅಜ್ಜಿ ನಕ್ಕು, ಡಬ್ಬಿಯನ್ನು ಅಮ್ಮನ ಕೈಯಿಂದ ತಾವೇ ತೆಗೆದುಕೊಂಡು, ಅದೇ ಬಟನ್ ಒತ್ತಿ ಉತ್ತರ ಕೊಟ್ಟರು. ಅರೆದು, ಸೋಸಿ, ಸಕ್ಕರೆ ಹಾಕಿ ಕುಡಿಯುತ್ತಾರಂತೆ. ಅಮ್ಮ ತನ್ನ ತಂಬುಳಿ ವಿವರಿಸತೊಡಗಿದಳು. ಹಿಂದೆ ಮೂರು ಜನ ಕಾಯುತ್ತಿದ್ದರು.

ಈ ಡಬ್ಬಿಯಿಂದ ನನಗೆ ಸಿಕ್ಕ ಅತಿ ದೊಡ್ಡ ಉಪಯೋಗ ಅದು. ಉಳಿದದ್ದನ್ನು ಅದರ ಪಕ್ಕದಲ್ಲಿಟ್ಟೇ ತೂಗಬೇಕು.

2024 ಈ ಬಗೆಯ ಸಾಧನಗಳಿಗೆ ಸುಗ್ಗಿಯ ವರ್ಷ. ಜನವರಿಯಲ್ಲಿ ಲಾಸ್ ವೇಗಸ್‌ನ ಸಿಇಎಸ್ ಎಂಬ ಎಲೆಕ್ಟ್ರಾನಿಕ್ಸ್ ಮೇಳದಲ್ಲಿ 199 ಡಾಲರಿನ ರ‍್ಯಾಬಿಟ್ ಆರ್1 ಎಂಬ ಡಬ್ಬಿ ಪ್ರದರ್ಶನಕ್ಕೆ ಬಂತು. ಏಪ್ರಿಲ್‌ನಲ್ಲಿ ಅಂಗಿಗೆ ಸಿಕ್ಕಿಸಿಕೊಳ್ಳುವ ಹ್ಯೂಮೇನ್ ಎಐ ಪಿನ್ ಬಂತು. ಅದಕ್ಕೆ 699 ಡಾಲರ್, ಮೇಲೆ ತಿಂಗಳಿಗೆ 24 ಡಾಲರ್. ನಾನು ಕೊಂಡದ್ದು ಯಾವುದು ಎಂದು ಇಲ್ಲಿ ಬರೆಯುವುದಿಲ್ಲ. ನಾನು ಹೇಳಬೇಕಾದ್ದು ಈ ಇಡೀ ಜಾತಿಯ ಬಗ್ಗೆ. ಅದನ್ನು ಎರಡರ ಜೊತೆ ಇಟ್ಟು ನೋಡಿದೆ: ನನ್ನ ಫೋನಿನ ಎಐ ಆ್ಯಪ್, ಮತ್ತು ಹಲವು ವರ್ಷಗಳ ಹಿಂದೆ ಕೊಂಡ, ಟ್ರಿಪಲ್-ಎ ಸೆಲ್ಲಿನ ವಾಯ್ಸ್ ರೆಕಾರ್ಡರ್. ಮೂರಕ್ಕೂ ಕೊಟ್ಟ ಕೆಲಸ ಒಂದೇ. ಕೈ ಹಿಟ್ಟಾಗಿರುವಾಗ ನೆನಪಾದದ್ದನ್ನು ಹಿಡಿದಿಡಬೇಕು, ಅಮ್ಮ ಇಲ್ಲಿದ್ದ ಆರು ತಿಂಗಳು ಅವಳಿಗೆ ಮಾತಿನಾಸರೆ ಆಗಬೇಕು, ಅವಳ ಅಡುಗೆ ಅವಳ ಬಾಯಲ್ಲೇ ಉಳಿಯಬೇಕು.

ಮಾತಿನ ವೇಗದಲ್ಲಿ ಫೋನ್ ಸಲೀಸಾಗಿ ಗೆಲ್ಲುತ್ತದೆ. ಡಬ್ಬಿಯೊಳಗೆ ಯೋಚನೆ ನಡೆಯುವುದಿಲ್ಲ. ನಮ್ಮ ದನಿ ಕಂಪನಿಯ ದೂರದ ಕಂಪ್ಯೂಟರಿಗೆ, ಅಂದರೆ ಸರ್ವರಿಗೆ ಹೋಗಬೇಕು, ಅಲ್ಲಿ ಅಕ್ಷರವಾಗಬೇಕು, ಉತ್ತರ ಹುಟ್ಟಬೇಕು, ಅದು ಮತ್ತೆ ದನಿಯಾಗಿ ಬರಬೇಕು. ಫೋನಿನ ಆ್ಯಪ್‌ಗೂ ಸರ್ವರ್ ಬೇಕು ನಿಜ, ಆದರೆ ಅದರ ಆಂಟೆನಾ, ಚಿಪ್ಪು, ಬ್ಯಾಟರಿ ಎಲ್ಲ ದೊಡ್ಡವು. ಮನೆಯಾಚೆ ಡಬ್ಬಿಗೆ ಇನ್ನೊಂದು ಸಿಮ್ ಹಾಕಬೇಕಿತ್ತು, ತಿಂಗಳಿಗೆ 10 ಡಾಲರ್. ಉಳಿಸೋಣವೆಂದು ಫೋನಿನ ಹಾಟ್‌ಸ್ಪಾಟ್ ಕೊಟ್ಟೆ. ಎರಡರ ಚಾರ್ಜೂ ಒಟ್ಟಿಗೆ ಇಳಿಯಿತು. ಮೊದಲ ತಿಂಗಳು ಬೆಳಗಿಂದ ರಾತ್ರಿವರೆಗೆ ಬರುತ್ತಿದ್ದ ಡಬ್ಬಿ ವರ್ಷ ದಾಟಿದ ಮೇಲೆ ಮಧ್ಯಾಹ್ನದ ಊಟಕ್ಕೇ ಕೆಂಪು ತೋರಿಸುತ್ತಿತ್ತು. ಲಿಥಿಯಂ ಬ್ಯಾಟರಿ ಸವೆಯುವುದು ಮುಖ್ಯವಾಗಿ ತುಂಬಿ ಬರಿದಾಗುವ ಸುತ್ತುಗಳಿಂದ. ಬ್ಯಾಟರಿ ಚಿಕ್ಕದಿದ್ದಷ್ಟೂ ಆ ಸುತ್ತುಗಳು ಬೇಗ ಮುಗಿಯುತ್ತವೆ.

ಒಂದೇ ಬಟನ್, ಅದೇ ದೊಡ್ಡ ಸೌಕರ್ಯ ಎಂದು ಕೊಳ್ಳುವಾಗ ನಂಬಿದ್ದೆ. ಆದರೆ 2023ರ ಐಫೋನ್ 15 ಪ್ರೊದಲ್ಲೇ ಆಪಲ್ ಬದಿಗೊಂದು ಆಕ್ಷನ್ ಬಟನ್ ಕೊಟ್ಟಿದೆ, ಅದಕ್ಕೆ ಚಾಟ್‌ಜಿಪಿಟಿಯ ಧ್ವನಿಯನ್ನು ಜೋಡಿಸಬಹುದು. ಗೂಗಲ್ 2024ರ ಅಕ್ಟೋಬರ್‌ನಲ್ಲಿ ದನಿಯಲ್ಲೇ ಮಾತಾಡುವ ತನ್ನ ಎಐ ಜೆಮಿನಿ ಲೈವ್‌ಗೆ ಕನ್ನಡ ಸೇರಿಸುವುದಾಗಿ ಹೇಳಿತು. ಡಬ್ಬಿ ಮಾಡುವ ಕೆಲಸವನ್ನು ಫೋನು ಒಂದೊಂದಾಗಿ ಕಲಿಯುತ್ತ ಬಂತು; ಅಡುಗೆಮನೆಯಲ್ಲಿ ನಾನು ಡಬ್ಬಿಗೆ ಕೈ ಹಾಕುವುದು ಎಂಟನೇ ತಿಂಗಳಿಗೇ ನಿಂತುಹೋಗಿತ್ತು.

ಹಾಗಿದ್ದರೂ ಆ ಅಂಗಡಿಯಲ್ಲಿ ಫೋನ್ ಕೊಡಲು ನನಗೆ ಮನಸ್ಸು ಬರುತ್ತಿರಲಿಲ್ಲ. ಅದರಲ್ಲಿ ಬ್ಯಾಂಕಿದೆ, ಆಫೀಸಿನ ಮೇಲ್ ಇದೆ, ಅರ್ಧ ನಿಮಿಷ ಬಿಟ್ಟರೆ ಪರದೆ ಆರಿ ನನ್ನ ಮುಖ ಕೇಳುತ್ತದೆ. ಅಮ್ಮನೂ ಫೋನ್ ಕೊಟ್ಟರೆ ಬೆರಳ ತುದಿಯಲ್ಲಿ ಹಿಡಿಯುತ್ತಾಳೆ: "ಎಂತಾದ್ರೂ ಒತ್ತಿ ಹೋದ್ರೆ ಕಷ್ಟ ಮಾರಾಯ್ತಿ, ನೀನೇ ಇಟ್ಕೋ." ಡಬ್ಬಿಯಲ್ಲಿ ತಪ್ಪಾಗಿ ಒತ್ತಲು ಏನೂ ಇರಲಿಲ್ಲ. ಅದನ್ನು ಅವಳು ಸೆರಗಿಗೆ ಸಿಕ್ಕಿಸಿಕೊಂಡು ಒಬ್ಬಳೇ ಪಾರ್ಕಿಗೆ ಹೋದಳು, ಅಲ್ಲಿ ಒಬ್ಬರು ಪಂಜಾಬಿ ಹೆಂಗಸಿನ ಸ್ನೇಹ ಮಾಡಿಕೊಂಡು ಬಂದಳು. ಗುರುತಿಲ್ಲದವರ ಕೈಗೂ ಧೈರ್ಯವಾಗಿ ಕೊಡಬಹುದಾದ ಯಂತ್ರ ಅದು. ಈ ಗುಣವನ್ನು ಜಾಹೀರಾತುಗಳಲ್ಲಿ ನಾನು ಕಂಡಿಲ್ಲ, ನನ್ನ ಲೆಕ್ಕದಲ್ಲಿ ಅದೇ ಮೊದಲನೆಯದು.

ಆದರೆ ಅಡುಗೆಯ ವಿಷಯದಲ್ಲಿ ಡಬ್ಬಿ ನನಗೆ ನೋವು ಕೊಟ್ಟಿತು. ಅಮ್ಮ ತಂಬುಳಿ ಹೇಳಿದ್ದನ್ನು ಅದಕ್ಕೇ ಒಪ್ಪಿಸಿದ್ದೆ. ಒಂದೆಲಗವನ್ನು ಜೀರಿಗೆ, ಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸು, ಕಾಯಿ ಹಾಕಿ ನುಣ್ಣಗೆ ಅರೆ, ಮಜ್ಜಿಗೆ ಬೆರೆಸಿದ ಮೇಲೆ ಒಲೆಗಿಡಬೇಡ. ಬರಹದಲ್ಲಿ "ಒಂದೆಲಗ" ಹೋಗಿ "ಒಂದೆಲೆ ಆಗ" ಎಂದಾಗಿತ್ತು. ಅದನ್ನು ತಿದ್ದಿಕೊಳ್ಳಬಹುದಿತ್ತು. ಆಮೇಲೊಂದು ದಿನ ಅಪ್‌ಡೇಟ್ ಬಂತು, ಲಾಗಿನ್ ಕೆಟ್ಟಿತು, ಎರಡು ದಿನ ಬಿಟ್ಟು ಸರಿಯಾದಾಗ ಹಳೆಯ ಟಿಪ್ಪಣಿಗಳ ಸಾರಾಂಶ ಮಾತ್ರ ಇತ್ತು. ಅಮ್ಮನ ದನಿ ಇರಲಿಲ್ಲ. ದೂರು ಬರೆದೆ, ಬಂದ ಉತ್ತರದಲ್ಲಿ ದನಿಯ ಮಾತೇ ಇರಲಿಲ್ಲ.

ಏಳು ಸಮುದ್ರದಾಚೆಯ ಗಿಳಿಯಲ್ಲಿ ಪ್ರಾಣವಿಟ್ಟ ರಾಕ್ಷಸನ ಕತೆ ಅಮ್ಮ ಹೇಳುತ್ತಿದ್ದಳು. ಈ ಸಾಧನಗಳದ್ದೂ ಅದೇ ಪಾಡು. ಹ್ಯೂಮೇನ್ ಪಿನ್‌ಗೆ ಆದದ್ದು ಎಲ್ಲರೂ ನೋಡಿದ್ದಾರೆ: 2025ರ ಫೆಬ್ರುವರಿಯಲ್ಲಿ ಎಚ್‌ಪಿ ಕಂಪನಿ 11.6 ಕೋಟಿ ಡಾಲರಿಗೆ ಅದರ ತಂತ್ರಜ್ಞಾನವನ್ನು ಕೊಂಡಿತು, ಅದೇ ತಿಂಗಳ 28ಕ್ಕೆ ಸರ್ವರ್ ನಿಂತಿತು. ಬಿಡುಗಡೆಯಾಗಿ ಒಂದು ವರ್ಷವೂ ಆಗಿರಲಿಲ್ಲ. ಕರೆ, ಸಂದೇಶ, ಪ್ರಶ್ನೆ ಎಲ್ಲವೂ ಹೋದವು. ಸರ್ವರಿನಲ್ಲಿದ್ದ ಗ್ರಾಹಕರ ಮಾಹಿತಿಯನ್ನೂ ಅಳಿಸಿದರು. ಗಿಳಿಯ ಕುತ್ತಿಗೆ ಮುರಿದ ಹಾಗೆ.

ಇಲ್ಲಿ ಹಳೇ ರೆಕಾರ್ಡರ್ ಎದುರು ಡಬ್ಬಿ, ಫೋನು ಎರಡೂ ಸೋಲುತ್ತವೆ. ಅದಕ್ಕೆ ಉತ್ತರ ಕೊಡಲು ಬಾರದು, ಭಾಷಾಂತರ ಬಾರದು. ಆದರೆ ಅದರ ಹೊಟ್ಟೆಯಲ್ಲಿರುವ ಎಂಪಿ3 ಫೈಲು ನನ್ನದು. ಯುಎಸ್‌ಬಿಗೆ ಚುಚ್ಚಿದರೆ ಲ್ಯಾಪ್‌ಟಾಪಿಗೆ ಇಳಿಯುತ್ತದೆ. ಬರಹ ಬೇಕಾದರೆ ಯಾವ ಎಐಗಾದರೂ ಆಮೇಲೆ ಕೊಡಬಹುದು, ಇವತ್ತಿನದು ತಪ್ಪಿದರೆ ಮುಂದಿನ ವರ್ಷದ್ದಕ್ಕೆ ಅದೇ ದನಿಯನ್ನು ಮತ್ತೆ ಕೇಳಿಸಬಹುದು. ಅಮ್ಮನಿಂದ ತಂಬುಳಿಯನ್ನು ಎರಡನೇ ಸಲ ಹೇಳಿಸಿದ್ದು ಅದರಲ್ಲೇ. ಈ ಸಲ ಹಿನ್ನೆಲೆಯಲ್ಲಿ ಒಗ್ಗರಣೆಯ ಸದ್ದೂ ಇದೆ.

ಹೊಸದಾಗಿ ಕೊಳ್ಳುವವರಿಗೆ ನಾನು ಹೇಳುವುದು: ನಿಮಗಾಗಿ ಮಾತ್ರ ಆದರೆ ಫೋನ್ ಸಾಕು, ದುಡ್ಡು ಹಾಕಬೇಡಿ. ಭಾಷೆ ಬಾರದ ಊರಿಗೆ ಬರುವ ಅಪ್ಪ ಅಮ್ಮನಿಗೆ ಆದರೆ ಡಬ್ಬಿ ಕೊಳ್ಳಿ, ಒಂದೆರಡು ವರ್ಷದ ವಸ್ತು ಎಂದು ತಿಳಿದೇ ಕೊಳ್ಳಿ, ಕಳೆದುಕೊಳ್ಳಲಾಗದ್ದನ್ನು ಅದರಲ್ಲಿ ಇಡಬೇಡಿ.

ರೆಕಾರ್ಡರ್ ಅಮ್ಮನ ಜೊತೆ ತೀರ್ಥಹಳ್ಳಿಗೆ ಹೋಗಿದೆ. ಡಬ್ಬಿಯ ಸಿಮ್ ತೆಗೆದಿದ್ದೇನೆ, ತಿಂಗಳಿಗೊಮ್ಮೆ ಅರ್ಧ ಚಾರ್ಜ್ ಮಾಡಿ ಫ್ರಿಜ್ಜಿನ ಮೇಲಿಡುತ್ತೇನೆ. ಮುಂದಿನ ಬೇಸಿಗೆಗೆ ಅಮ್ಮ ಬಂದಾಗ ಅದರ ಸರ್ವರ್ ಇನ್ನೂ ಇದ್ದರೆ ಆ ಅಜ್ಜಿಯ ಅಂಗಡಿಗೆ ಹೋಗಬೇಕು. ತಂಬುಳಿ ಮಾಡಿ ನೋಡಿದರಾ ಎಂದು ಅಮ್ಮ ಅವರನ್ನು ಕೇಳಬೇಕಂತೆ.