ಸೆಬಿ ಆದೇಶಕ್ಕೆ ಸಿವಿಲ್ ಕೋರ್ಟಿನಲ್ಲಿ ಸ್ಟೇ ಕೊಡಿಸ್ತೀವಿ ಅಂದರೆ ನಂಬಬೇಡಿ

ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿ ನಮ್ಮ ಷೇರುಗಳಿರುವ ಡಿಮ್ಯಾಟ್ ಖಾತೆ ಫ್ರೀಜ್ ಮಾಡಿದಾಗ ಇಲ್ಲೇ ಸಿವಿಲ್ ಕೋರ್ಟಿನಲ್ಲಿ ಸ್ಟೇ ತಂದುಕೊಡ್ತೀವಿ ಎನ್ನುವವರು ಸಿಗುತ್ತಾರೆ. ಅವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ನಮ್ಮಣ್ಣನಿಗೆ ಆಗಿದ್ದು ಇನ್ನೊಬ್ಬರಿಗೆ ಆಗಬಾರದು.

ಪರಿಚಯದವನೊಬ್ಬ ಅಣ್ಣನ ಖಾತೆಯಲ್ಲಿ ವಹಿವಾಟು ಮಾಡುತ್ತಿದ್ದ. ಅವನ ಗುಂಪಿನ ಮೇಲೆ ಸೆಬಿ ಮಧ್ಯಂತರ ಆದೇಶ ಹೊರಡಿಸಿತು. ಉದ್ದನೆಯ ಪಟ್ಟಿಯಲ್ಲಿ ಅಣ್ಣನ ಹೆಸರು, ಪ್ಯಾನ್ ನಂಬರ್ ಎರಡೂ ಇದ್ದವು. ಷೇರು ಮಾರುವಂತಿಲ್ಲ, ಬ್ಯಾಂಕಿನಿಂದ ಹಣ ತೆಗೆಯುವಂತಿಲ್ಲ. ಮನೆಯವರೆಲ್ಲ ಗಾಬರಿಯಲ್ಲಿದ್ದಾಗ ಕನ್ಸಲ್ಟೆಂಟ್ ಒಬ್ಬ ಬಂದ. "ಒಂದು ವಾರ ಸಾಕು ಸರ್, ಇಂಜಂಕ್ಷನ್ ತಗೊಳ್ಳೋಣ" ಅಂದ. ಫೀಸು ಪೂರ್ತಿ ಮುಂಗಡ. ದಾವೆ ಹೂಡಿದ್ದಾಯಿತು, ವಾಯಿದೆ ಮೇಲೆ ವಾಯಿದೆ ಬಿತ್ತು. ಕೊನೆಗೆ ಸೆಬಿ ಪರ ವಕೀಲರು ಸೆಬಿ ಕಾಯ್ದೆಯ 20ಎ ಕಲಂ ಓದಿದರು: ಸೆಬಿ ಆದೇಶ ಮಾಡಬಹುದಾದ ವಿಷಯದಲ್ಲಿ ಸಿವಿಲ್ ಕೋರ್ಟಿಗೆ ಅಧಿಕಾರವಿಲ್ಲ, ಆ ಆದೇಶದಂತೆ ಕೈಗೊಂಡ ಕ್ರಮಕ್ಕೆ ತಡೆಯಾಜ್ಞೆಯನ್ನೂ ಕೊಡುವಂತಿಲ್ಲ. ದಾವೆ ಅಲ್ಲಿಗೇ ಮುಗಿಯಿತು. ಈ ಕಲಂ 1995ರಿಂದಲೂ ಕಾಯ್ದೆಯಲ್ಲಿದೆ. ಅದೇ ಕಸುಬು ಮಾಡುವವನಿಗೆ ಇದು ಗೊತ್ತಿರಲಿಲ್ಲ ಅಂದರೆ ನಾನಂತೂ ಒಪ್ಪುವುದಿಲ್ಲ.

ಫೀಸು ಹೋಗಿದ್ದಕ್ಕಿಂತ ದಿನಗಳು ಹೋಗಿದ್ದೇ ದೊಡ್ಡ ಪೆಟ್ಟು. ಉತ್ತರ ಸಲ್ಲಿಸಿ ಖುದ್ದು ವಿಚಾರಣೆ ಕೇಳುವುದಕ್ಕೆ ಮಧ್ಯಂತರ ಆದೇಶದ ಕೊನೆಯಲ್ಲೇ ಗಡುವು ಬರೆದಿರುತ್ತದೆ. ಅಣ್ಣನದರಲ್ಲಿ 21 ದಿನ ಇತ್ತು. ಆ ಉತ್ತರ ನೋಡಿ ಸೆಬಿ ತನ್ನ ಆದೇಶವನ್ನು ಖಾಯಂ ಮಾಡಬಹುದು, ಸಡಿಲಿಸಬಹುದು, ಒಬ್ಬರ ಮಟ್ಟಿಗೆ ತೆರವೂ ಮಾಡಬಹುದು. ಅಣ್ಣನಂಥವರಿಗೆ ಇದ್ದ ಒಳ್ಳೆಯ ಅವಕಾಶ ಅದೊಂದೇ. ಅವನ ಕಡೆಯಿಂದ ಒಂದು ಕಾಗದವೂ ಹೋಗಿರಲಿಲ್ಲ. ಮುಂದಿನ ಆದೇಶದಲ್ಲಿ ಅವನ ಹೆಸರಿನ ಎದುರು "ಉತ್ತರ ಸಲ್ಲಿಸಿಲ್ಲ" ಅಂತ ಬಂತು.

ಸೆಬಿ ಆದೇಶವನ್ನು ಎತ್ತಿಹಿಡಿಯುವ, ಬದಲಿಸುವ, ರದ್ದು ಮಾಡುವ ಅಧಿಕಾರ ಮುಂಬೈಯಲ್ಲಿರುವ ಮೇಲ್ಮನವಿ ನ್ಯಾಯಮಂಡಳಿಗಿದೆ. ಎಲ್ಲರೂ ಸ್ಯಾಟ್ ಅನ್ನುವುದು ಅದನ್ನೇ. ಆದೇಶದ ಪ್ರತಿ ಕೈಸೇರಿದ 45 ದಿನದೊಳಗೆ ಅಪೀಲು ಹಾಕಬೇಕು. ತಡವಾದರೆ ಸರಿಯಾದ ಕಾರಣ ತೋರಿಸಬೇಕು. ಅಪೀಲು ಹಾಕಿದ ಮಾತ್ರಕ್ಕೆ ಆದೇಶ ನಿಲ್ಲುವುದಿಲ್ಲ, ಸ್ಟೇ ಬೇಕೆಂದು ಬೇರೆಯಾಗಿ ಕೇಳಬೇಕು. ಕೊಟ್ಟರೂ ಇಂತಿಷ್ಟು ಹಣ ಠೇವಣಿ ಇಡಿ ಎಂಬ ಷರತ್ತು ಬರಬಹುದು. ಅಲ್ಲಿಂದ ಮುಂದೆ ಸುಪ್ರೀಂ ಕೋರ್ಟ್, ಅದೂ ಕಾನೂನಿನ ಪ್ರಶ್ನೆ ಇದ್ದರೆ ಮಾತ್ರ, 60 ದಿನದೊಳಗೆ. ಹೈಕೋರ್ಟಿನ ರಿಟ್ ದಾರಿ ಮುಚ್ಚಿಲ್ಲವಾದರೂ, ಸಾಮಾನ್ಯವಾಗಿ ಮೊದಲು ಸ್ಯಾಟ್‌ಗೆ ಹೋಗಿ ಅನ್ನುತ್ತಾರೆ.

ಅಣ್ಣನ ಅಪೀಲು ಈಗ ವಿಳಂಬ ಮನ್ನಿಸಿ ಎಂಬ ಅರ್ಜಿಯ ಜೊತೆ ಸ್ಯಾಟ್ ಮುಂದಿದೆ. ನಿಮ್ಮ ಹೆಸರಿಗೆ ಆದೇಶ ಬಂದರೆ ಕೊನೆಯ ಪುಟಗಳನ್ನು ಮೊದಲು ಓದಿ, ಗಡುವು ಗುರುತು ಹಾಕಿಕೊಳ್ಳಿ. ಪ್ರತಿ ಬಂದ ಲಕೋಟೆಯನ್ನೋ ಇಮೇಲನ್ನೋ ತಾರೀಖು ಕಾಣುವಂತೆ ಎತ್ತಿಡಿ. ವಕೀಲರನ್ನು ಹಿಡಿಯುವ ಮೊದಲು ಸ್ಯಾಟ್‌ನಲ್ಲಿ ಎಂದಾದರೂ ಕೇಸು ನಡೆಸಿದ್ದೀರಾ ಎಂದು ನೇರವಾಗಿ ಕೇಳಿ.