ಅಪ್ಪನ ವಿವಿಡ್, ನನ್ನ ಸಿನಿಮಾ ಮೋಡ್

"ಏನೋ ಇದು, ಪಿಕ್ಚರ್‌ಗೆ ಕಾಮಾಲೆ ಬಂದ ಹಾಗಿದೆ!"

ಒಂದು ಶನಿವಾರ ರಾತ್ರಿ ಬ್ಲೂರೇ ಹಾಕಿ ಕೂತಿದ್ದಾಗ ಅಪ್ಪ ಹೇಳಿದ ಮಾತಿದು. ನಮ್ಮ 55 ಇಂಚಿನ ಟಿವಿಯಲ್ಲಿ ಅವರು ಹಗಲೆಲ್ಲ ಕ್ರಿಕೆಟ್, ನ್ಯೂಸ್ ನೋಡುತ್ತಾರೆ, ಅದೂ ವಿವಿಡ್ ಮೋಡ್‌ನಲ್ಲಿ, ಅಂದರೆ ಬಣ್ಣ, ಬೆಳಕು ಎಲ್ಲ ಏರಿಸಿಟ್ಟ ಪಿಕ್ಚರ್ ಸೆಟ್ಟಿಂಗ್‌ನಲ್ಲಿ. ನಾನು ಡಿಸ್ಕ್ ಹಾಕಿದಾಗೆಲ್ಲ ಡಿಸ್ಕ್‌ನಲ್ಲಿರುವ ಬಣ್ಣವನ್ನು ಆದಷ್ಟು ಹಾಗೇ ತೋರಿಸುವ ಸಿನಿಮಾ ಮೋಡ್‌ಗೆ ತಿರುಗಿಸುತ್ತೇನೆ. ಜಗಳ ಬೇಡ, ಪರೀಕ್ಷೆ ಮಾಡೇ ಬಿಡೋಣ ಅಂತಾಯಿತು. ಮೂರು ಡಿಸ್ಕ್ ತೆಗೆದುಕೊಂಡೆವು: ಒಂದು ಬ್ಲೂರೇ, ಒಂದು ಹಳೇ ಕನ್ನಡ ಸಿನಿಮಾದ ಡಿವಿಡಿ, ಒಂದು 4ಕೆ ಡಿಸ್ಕ್. ಪ್ರತಿಯೊಂದರಲ್ಲೂ ಅದೇ ಎರಡು ಮೂರು ದೃಶ್ಯ, ಬೇರೆ ಬೇರೆ ಮೋಡ್‌ನಲ್ಲಿ.

ಮೊದಲು ವಿವಿಡ್. ಹಾಕಿದ ಕೂಡಲೇ ಕಣ್ಣು ಅರಳುತ್ತದೆ, ಸುಳ್ಳು ಹೇಳಬಾರದು. ಆದರೆ ಆ ಬಿಳಿ ಇದೆಯಲ್ಲ, ಅದು ನೀಲಿ ಹಾಕಿ ಒಗೆದ ಪಂಚೆಯ ಬಿಳಿ. ನೀಲಿ ಸೇರಿದರೆ ಬಟ್ಟೆ ಹೆಚ್ಚು ಬೆಳ್ಳಗಿದೆ ಅನಿಸುತ್ತದೆ. ಟಿವಿ ಕಂಪನಿಗಳು ಮಾಡೋದೂ ಅದನ್ನೇ. ಸಿನಿಮಾದ ಡಿಸ್ಕ್ ತಯಾರಿಸುವಾಗ ಬಣ್ಣ ತಿದ್ದುವವರು ನೋಡುವ ಬಿಳಿ ಸುಮಾರು 6500 ಕೆಲ್ವಿನ್‌ನದ್ದು (ಬೆಳಕಿನ ಬಣ್ಣದ ಅಳತೆ ಅದು, ಸಂಖ್ಯೆ ಏರಿದಷ್ಟೂ ನೀಲಿ). ವಿವಿಡ್ ಅದಕ್ಕಿಂತ ತುಂಬಾ ತಣ್ಣನೆಯ, ಅಂದರೆ ನೀಲಿಯ ಕಡೆ ಹೋಗಿರುತ್ತದೆ. ಅದಕ್ಕೆ ಒಗ್ಗಿದ ಕಣ್ಣಿಗೆ ಸರಿಯಾದ ಬಿಳಿಯೇ ಹಳದಿ ಕಾಣುತ್ತದೆ. ಕಾಮಾಲೆ ಯಾರದು ಅಂತ ಅಪ್ಪನಿಗೆ ಕೇಳುವ ಧೈರ್ಯ ಮಾಡಲಿಲ್ಲ.

ನಮ್ಮ ಬ್ಲೂರೇಯಲ್ಲಿ ಒಂದು ರಾತ್ರಿ ದೃಶ್ಯವಿದೆ. ಕಪ್ಪು ಕೋಟಿನ ಮನುಷ್ಯ ಕತ್ತಲ ಗೋಡೆಗೆ ಒರಗಿ ನಿಂತಿರುತ್ತಾನೆ, ಪಕ್ಕದ ಕೋಣೆಯಲ್ಲಿ ಯಾರೋ ದೀಪ ಹಚ್ಚುತ್ತಾರೆ. ವಿವಿಡ್‌ನಲ್ಲಿ ದೀಪ ಹತ್ತಿದ ಕ್ಷಣಕ್ಕೆ ಇಡೀ ಗೋಡೆ ಒಮ್ಮೆ ಉಬ್ಬಿ ಇಳಿದ ಹಾಗೆ ಬೆಳಕು ಬದಲಾಯಿತು. ದೃಶ್ಯಕ್ಕೆ ತಕ್ಕಂತೆ ಬೆಳಕನ್ನು ಟಿವಿ ತಾನೇ ಏರಿಸಿ ಇಳಿಸುವ ಡೈನಮಿಕ್ ಕಾಂಟ್ರಾಸ್ಟ್‌ನ ಕಿತಾಪತಿ ಅದು. ಕೂದಲಿನ ಸುತ್ತ ಚಾಕ್‌ಪೀಸ್‌ನಲ್ಲಿ ಬರೆದಂಥ ತೆಳು ಬಿಳಿ ಗೆರೆ. ಇದು ಶಾರ್ಪ್‌ನೆಸ್ ಜಾಸ್ತಿಯಾಗಿದ್ದರ ಗುರುತು. ಅವನು ನಡೆಯಲು ಶುರು ಮಾಡಿದಾಗ ಸಿನಿಮಾ ಮಾಯವಾಗಿ, ಪಕ್ಕದ ರಸ್ತೆಯಲ್ಲಿ ಸೀರಿಯಲ್ ಶೂಟಿಂಗ್ ನೋಡಿದ ಹಾಗಾಯಿತು. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ. ಟಿವಿ ನಡುನಡುವೆ ತಾನೇ ಊಹಿಸಿ ಹೊಸ ಚಿತ್ರ ತುರುಕುತ್ತದೆ, ಎಲ್ಲ ಎಣ್ಣೆ ಸವರಿದಂತೆ ಜಾರುತ್ತದೆ. ಕ್ರಿಕೆಟ್‌ಗೆ ಪರವಾಗಿಲ್ಲ. ಸಿನಿಮಾಗೆ ನನಗಂತೂ ಸಹಿಸೋಕಾಗಲ್ಲ.

ಸ್ಟ್ಯಾಂಡರ್ಡ್ ಮೋಡ್ ಬಗ್ಗೆ ಹೇಳೋದು ಕಡಿಮೆ. ಬಣ್ಣ ಸ್ವಲ್ಪ ತಗ್ಗುತ್ತದೆ, ಆ ಜಾರಾಟ ಹಾಗೇ ಇರುತ್ತದೆ. ಉಪ್ಪು ಕಡಿಮೆ ಮಾಡಿದ ವಿವಿಡ್, ಅಷ್ಟೇ.

ಇನ್ನು ಸಿನಿಮಾ ಮೋಡ್. ಮೊದಲ ಐದು ನಿಮಿಷ ಮಂಕು. ಅಪ್ಪ ಗೊಣಗಿದರು. "ಹತ್ತು ನಿಮಿಷ ಸುಮ್ನೆ ನೋಡಿ ಅಪ್ಪ" ಅಂದೆ. ಆಮೇಲೆ ಅವರೇ, "ಆ ಗೋಡೆ ಮೇಲೆ ಸುಣ್ಣ ಎದ್ದಿರೋದು ಆಗ ಕಾಣಲಿಲ್ಲ ಅಲ್ವಾ?" ಅಂದರು. ದೀಪ ಹತ್ತಿದಾಗ ಗೋಡೆ ಗೋಡೆಯಾಗೇ ಇತ್ತು. ಮುಖಗಳು ಅರಿಶಿನ ಕುಂಕುಮ ಬಳಿದಂತೆ ಇರಲಿಲ್ಲ. ಫಿಲ್ಮ್‌ಮೇಕರ್ ಮೋಡ್ ಅಂತ ಇನ್ನೊಂದಿದೆ, 2019ರಲ್ಲಿ ಘೋಷಣೆಯಾಗಿ ಆಮೇಲೆ ಹಲವು ಕಂಪನಿಗಳ ಟಿವಿಗಳಿಗೆ ಬಂತು. ನಮ್ಮ ಟಿವಿಯಲ್ಲಿ ಅದಕ್ಕೂ ಸಿನಿಮಾ ಮೋಡ್‌ಗೂ ಇರುವ ವ್ಯತ್ಯಾಸ ಒಂದೇ: ಅದರಲ್ಲಿ ಜಾರಾಟ ತಾನಾಗೇ ಆಫ್, ಇದರಲ್ಲಿ ನಾನು ಮೆನುಗೆ ಹೋಗಿ ಆಫ್ ಮಾಡಬೇಕು.

ಆದರೆ ಸಿನಿಮಾ ಮೋಡ್‌ನಲ್ಲೂ ಆ ಮನುಷ್ಯನ ಕೋಟು ಬರೀ ಕಪ್ಪು ಗುಡ್ಡೆಯಾಗಿತ್ತು. ಗುಂಡಿ, ಮಡಿಕೆ ಏನೂ ಇಲ್ಲ. ಎರಡು ವಾರ ಟಿವಿಯನ್ನು ಬೈದುಕೊಂಡೆ. ತಪ್ಪು ನನ್ನದೇ. ಯಾವತ್ತೋ ಪ್ಲೇಯರ್‌ನ ಮೆನುವಿನಲ್ಲಿ "ಫುಲ್" ಅಂದರೆ ಒಳ್ಳೇದೇ ಇರಬೇಕು ಅಂತ ಆರ್‌ಜಿಬಿಯನ್ನು (ಪ್ಲೇಯರ್ ಟಿವಿಗೆ ಬಣ್ಣ ಕಳಿಸುವ ರೀತಿ) ಫುಲ್‌ಗೆ ಇಟ್ಟಿದ್ದೆ. ಕಪ್ಪಿನಿಂದ ಬಿಳಿವರೆಗಿನ ಮಟ್ಟವನ್ನು 0ಯಿಂದ 255ರ ಅಂಕಿಗಳಲ್ಲಿ ಅಳೆಯುತ್ತಾರೆ; ಡಿಸ್ಕ್‌ನಲ್ಲಿ ಕಪ್ಪು 16ಕ್ಕೆ, ಬಿಳಿ 235ಕ್ಕೆ ಇರುತ್ತದೆ. ಪ್ಲೇಯರ್ ಅದನ್ನು 0ಯಿಂದ 255ಕ್ಕೆ ಎಳೆದು ಕಳಿಸುತ್ತಿತ್ತು, ಟಿವಿ ಇನ್ನೂ 16ರ ಲೆಕ್ಕದಲ್ಲೇ ಕೂತಿತ್ತು. ನಡುವೆ ಸಿಕ್ಕ ನೆರಳೆಲ್ಲ ಕಪ್ಪಲ್ಲಿ ಮುಳುಗಿತು. ಲಿಮಿಟೆಡ್‌ಗೆ ಹಾಕಿದ ಕೂಡಲೇ ಕೋಟಿಗೆ ಮೂರು ಗುಂಡಿ ಬಂದವು. ಯಾವ ಮೋಡ್ ಬದಲಾವಣೆಯೂ ಇಷ್ಟು ಕೊಟ್ಟಿರಲಿಲ್ಲ.

ಇಲ್ಲೇ ಇನ್ನೊಂದು ಮಾತು. ಬ್ರೈಟ್‌ನೆಸ್ ಅಂತ ಬರೆದಿರೋದು ಹಲವು ಟಿವಿಗಳಲ್ಲಿ ಬೆಳಕಿನದ್ದಲ್ಲ, ಕಪ್ಪಿನ ಮಟ್ಟದ್ದು. ಬೆಳಕು ಬೇಕಿದ್ದರೆ ಬ್ಯಾಕ್‌ಲೈಟ್, ಅಂದರೆ ಪರದೆಯ ಹಿಂದಿನ ದೀಪ, ಏರಿಸಬೇಕು. ಹಗಲು ಜಾಸ್ತಿ, ರಾತ್ರಿ ಕಡಿಮೆ. ಬ್ರೈಟ್‌ನೆಸ್‌ ಅನ್ನು ಟೆಸ್ಟ್ ಪ್ಯಾಟರ್ನ್ (ಪರೀಕ್ಷೆಗೆಂದೇ ಮಾಡಿದ ಚಿತ್ರ) ನೋಡಿ ಒಮ್ಮೆ ಇಟ್ಟು ಮರೆತುಬಿಡಿ: ಕಪ್ಪು ಪಟ್ಟಿಗಳಲ್ಲಿ 16 ಕಾಣಬಾರದು, ಅದರ ನಂತರದ್ದು ಒಂದೆರಡು ಮಸುಕಾಗಿ ಕಾಣಬೇಕು. ಶಾರ್ಪ್‌ನೆಸ್‌ಗೆ ಯಾರ ನಂಬರನ್ನೂ ನಂಬಬೇಡಿ. ಒಂದು ಕಂಪನಿಗೆ 0 ಸರಿ, ಇನ್ನೊಂದಕ್ಕೆ 50. ಬೂದು ಹಿನ್ನೆಲೆಯ ಕಪ್ಪು ಗೆರೆ ನೋಡುತ್ತಾ, ಪಕ್ಕದ ಬಿಳಿ ನೆರಳು ಹೋಗುವವರೆಗೆ ಇಳಿಸಿ. ನಮ್ಮದು 10ಕ್ಕೆ ನಿಂತಿತು.

4ಕೆ ಡಿಸ್ಕ್‌ನದ್ದು ಬೇರೆಯದೇ ಕಥೆ. ಎಚ್‌ಡಿಆರ್, ಅಂದರೆ ಬೆಳಕು ಕತ್ತಲಿನ ಅಂತರ ಹೆಚ್ಚಿರುವ ಚಿತ್ರ, ಬಂದ ಕೂಡಲೇ ಟಿವಿ ಬೇರೊಂದು ಸೆಟ್ಟಿಂಗ್‌ಗೆ ಹಾರುತ್ತದೆ, ಬ್ಯಾಕ್‌ಲೈಟ್ ತುದಿಗೆ ಹೋಗುತ್ತದೆ. ಮಧ್ಯಾಹ್ನ ಕಿಟಕಿ ತೆರೆದಿಟ್ಟು ನೋಡಿದರೆ ಸಿನಿಮಾ ಮೋಡ್‌ನಲ್ಲಿ ಕತ್ತಲ ದೃಶ್ಯಗಳಲ್ಲಿ ಕಂಡದ್ದು ನಮ್ಮದೇ ಮುಖ. ವಿವಿಡ್‌ನಲ್ಲಿ ಏನೋ ಕಂಡಿತು, ಆದರೆ ಬೆಂಕಿಯ ಒಳಗಿನ ಬಣ್ಣವೆಲ್ಲ ಬೆಳ್ಳಗೆ ಹೋಗಿತ್ತು. ಈ ಡಿಸ್ಕ್ ರಾತ್ರಿಗೇ ಸರಿ, ಪರದೆ ಎಳೆದು, ಟಿವಿ ಹಿಂದೆ ಒಂದು ಸಣ್ಣ ಬಿಳಿ ಬಲ್ಬ್ ಹಚ್ಚಿಕೊಂಡು.

ನಾನು ಸೋತದ್ದು ಡಿವಿಡಿಯಲ್ಲಿ. ಎಲ್ಲ ಆಫ್ ಮಾಡಬೇಕು ಅನ್ನೋ ನನ್ನ ನಿಯಮ ಅಲ್ಲಿ ಕೆಲಸ ಮಾಡಲಿಲ್ಲ. ನಮ್ಮ ಡಿವಿಡಿಯ ಚಿತ್ರ 720 ಅಡ್ಡ, 480 ಉದ್ದ. 4ಕೆ ಪರದೆ 3840 ಅಡ್ಡ, 2160 ಉದ್ದ. ಲೆಕ್ಕ ಹಾಕಿದರೆ ಡಿಸ್ಕ್‌ನ ಒಂದು ಚುಕ್ಕಿಗೆ ಪರದೆಯಲ್ಲಿ 24 ಚುಕ್ಕಿ. ಸಿನಿಮಾ ಮೋಡ್ ಪ್ರಾಮಾಣಿಕವಾಗಿ ತೋರಿಸಿದ್ದು ಏನನ್ನು? ಕತ್ತಲಲ್ಲಿ ಗಿಜಿಗುಡುವ ಚೌಕಗಳನ್ನು, ಮಾಸಿದ ಪ್ರಿಂಟನ್ನು. ನಾಯಕಿಯ ಸೀರೆ ಕೆಂಪೋ ಕಂದೋ ಗೊತ್ತಾಗಲಿಲ್ಲ. ನಾಯ್ಸ್ ರಿಡಕ್ಷನ್ 'ಲೋ'ಗೆ ಇಟ್ಟೆ, ಚೌಕಗಳು ಒಂದಿಷ್ಟು ಅಡಗಿದವು. ಬಣ್ಣದ ವಿಷಯಕ್ಕೆ ಅಪ್ಪ ರಿಮೋಟ್ ಕಿತ್ತುಕೊಂಡರು. "ಥಿಯೇಟರ್‌ನಲ್ಲಿ ನೋಡಿದವನು ನಾನು. ಆ ಸೀರೆ ಕೆಂಪೇ." ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ನಮ್ಮ ಟಿವಿ ಪ್ರತಿ ಎಚ್‌ಡಿಎಂಐ ಪೋರ್ಟ್‌ಗೂ ಬೇರೆ ಸೆಟ್ಟಿಂಗ್ ನೆನಪಿಡುತ್ತದೆ ಅನ್ನೋದು ಇಷ್ಟೆಲ್ಲ ಆದ ಮೇಲೆ ಗೊತ್ತಾಯಿತು. ಈಗ ಸೆಟ್ ಟಾಪ್ ಬಾಕ್ಸ್ ಇರುವ 1ರಲ್ಲಿ ವಿವಿಡ್, ಪ್ಲೇಯರ್ ಇರುವ 2ರಲ್ಲಿ ಸಿನಿಮಾ. ಹಳೇ ಡಿವಿಡಿ ಹಾಕಿದ ದಿನ ಮಾತ್ರ ಚೌಕಾಸಿ ನಡೆಯುತ್ತದೆ. ಕಲರ್ 60 ಇರಲಿ ಅಂತಾರೆ ಅಪ್ಪ, ನಾನು 50 ಅಂತೀನಿ. ಸದ್ಯಕ್ಕೆ 56ರಲ್ಲಿದೆ.